ಅಭಿಮಾನಿ ದೇವರ ಸೂತಕ

ಜನಪ್ರಿಯ ಕಲಾವಿದರು ತೀರಿಕೊಂಡಾಗಲೆಲ್ಲ ಕನ್ನಡ ಸಮಾಜ ಎರಡು ಪಾಳಯವಾಗಿ ಒಡೆಯುವುದು ರೂಢಿಯಾಗಿಬಿಟ್ಟಿದೆ. ಬೀದಿಗಿಳಿದು ಎದೆ ಬಡಿದುಕೊಂಡು ಅಳುವವರದು ಒಂದು ಪಾಳಯವಾದರೆ, ಅವರನ್ನು ಕಂಡು ‘ಇದೆಂಥ ಹುಚ್ಚು’ ಎಂದು ಮೂಗು ಮುರಿಯುವವರದು ಇನ್ನೊಂದು. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್, 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್, 2018ರ ನವೆಂಬರ್ 24ರಂದು ಅಂಬರೀಶ್, 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಇದೇ ಜಗಳ ಮತ್ತೆ ಮತ್ತೆ ನಡೆದಿದೆ. ಅಳುವುದು ಸರಿಯೋ ತಪ್ಪೋ ಎಂಬಲ್ಲೇ ಈ ಜಗಳ ತಿರುಗುತ್ತಿರುವುದರಿಂದ ಅದು ಎಲ್ಲಿಗೂ ಮುಟ್ಟುವುದಿಲ್ಲ. ಆ ಅಳುವಿನ ಬೆಲೆಯನ್ನು ಯಾರು ತೆರುತ್ತಿದ್ದಾರೆ, ಅತ್ತು ಮುಗಿದ ಮೇಲೆ ಅಭಿಮಾನಿಯ ಪಾಲಿಗೆ ಉಳಿಯುವ ಕೆಲಸ ಯಾವುದು ಎಂಬ ಪ್ರಶ್ನೆಗಳನ್ನು ಎರಡೂ ಪಾಳಯಗಳು ಕೇಳಿಕೊಂಡಿಲ್ಲ.

ಮೂಗು ಮುರಿಯುವವರ ವಾದವನ್ನು ಮೊದಲು ನೋಡಬಹುದು. ಎಂದೂ ಮುಖಾಮುಖಿ ಕಾಣದ, ತನ್ನ ಹೆಸರನ್ನೂ ಅರಿಯದ ವ್ಯಕ್ತಿಗಾಗಿ ಮನುಷ್ಯ ಅಳುವುದು ಅವಿವೇಕವೆಂಬುದು ಅವರ ನಿಲುವು. ಇಂಥ ನಂಟನ್ನು 1956ರಲ್ಲಿಯೇ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ವಿದ್ವಾಂಸರು ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟಿದ್ದರು. ಕನ್ನಡದಲ್ಲಿ ಅದನ್ನು ‘ಏಕಮುಖ ಬಾಂಧವ್ಯ’ ಎನ್ನಬಹುದು. ರೇಡಿಯೊ, ಸಿನಿಮಾ, ಟಿ.ವಿ.ಗಳ ಮೂಲಕ ದಿನನಿತ್ಯ ಮನೆಯೊಳಗೆ ಬಂದುಹೋಗುವ ದನಿ ಮತ್ತು ಮುಖ, ಕಾಲ ಕಳೆದಂತೆ ಪರಿಚಯಸ್ಥರ ದನಿ ಮತ್ತು ಮುಖವಾಗಿ ಮಾರ್ಪಡುತ್ತದೆ ಎಂಬುದು ಅದರ ತಾತ್ಪರ್ಯ. ನಂಟು ಒಮ್ಮುಖವಾದ ಮಾತ್ರಕ್ಕೆ ಅದರಿಂದ ಹುಟ್ಟುವ ಅಳು ಸುಳ್ಳಾಗುವುದಿಲ್ಲ. ಎಳವೆಯಲ್ಲಿ ತೆರೆಯ ಮೇಲೆ ಕಂಡ ಬಾಲನಟ ಪುನೀತ್ ತಮ್ಮ ಜೊತೆಜೊತೆಗೇ ಬೆಳೆದು, ನಲವತ್ತಾರನೆಯ ವಯಸ್ಸಿಗೆ ಒಂದು ಬೆಳಗ್ಗೆ ಇಲ್ಲವಾದಾಗ ಆ ತಲೆಮಾರಿನವರು ಕಳೆದುಕೊಂಡದ್ದರಲ್ಲಿ ತಮ್ಮದೇ ಬಾಲ್ಯದ ಒಂದು ತುಂಡೂ ಇತ್ತು. ಅದನ್ನು ಹುಚ್ಚೆಂದು ಕರೆಯುವುದು ಓದಿದವರ ಅಹಂಕಾರವೇ ಹೊರತು ವಿವೇಕವಲ್ಲ.

ಈ ಮಾತು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯಂಥ ಊರುಗಳಿಗೆ ಹೊಸದಾಗಿ ವಿವರಿಸಬೇಕಾದದ್ದೇನಲ್ಲ. ಉಂಚಳ್ಳಿ ಜಲಪಾತದ ಈ ಸೀಮೆಯಲ್ಲಿ, ಅಡಿಕೆ ತೋಟಗಳ ನಡುವೆ ಚದುರಿ ನಿಂತ ಮನೆಗಳಲ್ಲಿ, ‘ತಾರೆ’ ಎಂಬ ಪದ ಬಳಕೆಗೆ ಬರುವ ಮೊದಲೇ ಯಕ್ಷಗಾನದ ಭಾಗವತರೂ ವೇಷಧಾರಿಗಳೂ ಆ ಸ್ಥಾನದಲ್ಲಿದ್ದರು. ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡರು 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದಾಗ ಅವರಿಗಿನ್ನೂ ಮೂವತ್ತೆರಡು ತುಂಬಿರಲಿಲ್ಲ. ರಂಗಸ್ಥಳದ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಅವರ ಪದ್ಯಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದ ಪ್ರೇಕ್ಷಕರು, ಸವೆದು ದನಿ ಎಳೆಯುವಷ್ಟು ಸಲ ಕೇಳಿದ ಆ ಕ್ಯಾಸೆಟ್ಟುಗಳನ್ನು ಎಸೆಯಲಾರದೆ ಇಟ್ಟುಕೊಂಡರು. ಆ ಅಗಲಿಕೆಯ ದುಃಖ ಯಾವ ಸಿನಿಮಾ ಅಭಿಮಾನಿಯ ದುಃಖಕ್ಕೂ ಕಡಿಮೆಯದಲ್ಲ. ಆದರೆ ಅದಕ್ಕೆ ಹೋಗಿ ಸೇರಲು ಒಂದು ಜಾಗವಿತ್ತು. ನಾವಡರು ತಂದ ರಾಗದ ಹೊಸ ನಡೆಗಳು ಅವರ ನಂತರದ ಭಾಗವತರ ಕಂಠಗಳಲ್ಲಿ ಮುಂದುವರಿದವು, ಅವರು ಬರೆದ ‘ನಾಗಶ್ರೀ’ ಪ್ರಸಂಗ ಮೇಳಗಳ ಆಟವಾಗಿ ಉಳಿಯಿತು, ಅವರ ಹೆಸರಿನಲ್ಲಿ ಪ್ರಶಸ್ತಿಗಳು ಹುಟ್ಟಿದವು. ಕಲಾವಿದನ ನೆನಪಿಗೆ ತಾಳಮದ್ದಳೆ ಏರ್ಪಡಿಸುವ ರೂಢಿಯಿರುವ ಕಡೆ ದುಃಖಕ್ಕೆ ತಾಳವೊಂದು ದೊರೆಯುತ್ತದೆ.

ಇದರಿಂದ ಯಕ್ಷಗಾನದ ರಸಿಕರು ಮೇಲು, ಸಿನಿಮಾದ ಅಭಿಮಾನಿಗಳು ಕೀಳು ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಅದೇ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಅಪಘಾತದಲ್ಲಿ ತೀರಿಕೊಂಡ, ಹೊನ್ನಾವರ ಸೀಮೆಯಲ್ಲಿ ಹುಟ್ಟಿದ ನಟ ಶಂಕರ್ ನಾಗ್ ಅವರನ್ನು ‘ಆಟೋ ರಾಜ’ನೆಂದು ಒಪ್ಪಿಕೊಂಡ ಆಟೋ ಚಾಲಕರು ಇಂದಿಗೂ ತಮ್ಮ ಬಂಡಿಗಳ ಬೆನ್ನಿಗೆ ಅವರ ಚಿತ್ರ ಅಂಟಿಸಿಕೊಂಡು ಓಡಾಡುತ್ತಾರೆ. ಶಂಕರ್ ನಾಗ್ ಕಂಡ ರಂಗಮಂದಿರದ ಕನಸನ್ನು ಹಿಡಿದು ಪತ್ನಿ ಅರುಂಧತಿ ನಾಗ್ ಮತ್ತು ಅವರ ಒಡನಾಡಿಗಳು ವರ್ಷಗಟ್ಟಲೆ ದುಡಿದ ಫಲವಾಗಿ 2004ರಲ್ಲಿ ಬೆಂಗಳೂರಿನಲ್ಲಿ ರಂಗಶಂಕರ ಬಾಗಿಲು ತೆರೆಯಿತು. ಹದಿನಾಲ್ಕು ವರ್ಷ ಆರದೆ ಉರಿದ ಆ ದುಃಖ ಯಾರ ಅಂಗಡಿಗೂ ಬೆಂಕಿ ಹಚ್ಚಲಿಲ್ಲ.

2006ರ ಏಪ್ರಿಲ್‌ನಲ್ಲಿ ಹಚ್ಚಲಾಯಿತು. ರಾಜ್‌ಕುಮಾರ್ ನಿಧನದ ಸುದ್ದಿ ಹರಡುತ್ತಿದ್ದಂತೆ ಬೆಂಗಳೂರಿನಲ್ಲಿ ಕಲ್ಲು ತೂರಾಟ ಮೊದಲಾಗಿ, ವಾಹನಗಳು ಸುಟ್ಟು, ಮರುದಿನದ ಅಂತ್ಯಕ್ರಿಯೆ ಮುಗಿಯುವಷ್ಟರಲ್ಲಿ ಗುಂಪಿನ ಹೊಡೆತಕ್ಕೆ ಸಿಕ್ಕ ಒಬ್ಬ ಪೊಲೀಸ್ ಸಿಬ್ಬಂದಿಯೂ ಸೇರಿದಂತೆ ಎಂಟು ಜನ ಪ್ರಾಣ ಕಳೆದುಕೊಂಡಿದ್ದರು. ಆಡಳಿತದ ಸಿದ್ಧತೆ ಸಾಲದಾಗಿತ್ತೆಂಬುದು ನಿಜ. ಕೊನೆಯ ದರ್ಶನಕ್ಕೆ ಸರಿಯಾದ ಏರ್ಪಾಡಿಲ್ಲದೆ ಜನ ರೊಚ್ಚಿಗೆದ್ದರೆಂಬುದೂ ನಿಜ. ಆದರೆ ಈ ಎರಡು ನಿಜಗಳಿಂದ ಸತ್ತವರ ಮನೆಗಳಿಗೆ ಸಮಾಧಾನವೇನೂ ಸಿಗುವುದಿಲ್ಲ. ತಮ್ಮ ಅಭಿಮಾನಿಗಳನ್ನು ‘ಅಭಿಮಾನಿ ದೇವರುಗಳು’ ಎಂದು ಕೈಮುಗಿದು ಕರೆಯುತ್ತಿದ್ದ ಕಲಾವಿದನ ಕಣ್ಣುಗಳು ಇನ್ನೊಬ್ಬರಿಗೆ ಬೆಳಕಾಗಲೆಂದು ದಾನವಾಗುತ್ತಿದ್ದ ಹೊತ್ತಿಗೆ ಅದೇ ನಗರದ ಬೀದಿಯಲ್ಲಿ ಅವರ ಹೆಸರು ಕೂಗುತ್ತ ಜನ ಬೆಂಕಿ ಹಚ್ಚುತ್ತಿದ್ದರು. ದೇವರೆನಿಸಿಕೊಂಡವರು ಆ ದಿನ ಬಲಿ ಕೇಳಿದರು.

ಹದಿನೈದು ವರ್ಷಗಳ ನಂತರ ರಾಜ್ಯ ಪಾಠ ಕಲಿತಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಪುನೀತ್ ಅವರ ಪಾರ್ಥಿವ ಶರೀರವನ್ನು ಕಂಠೀರವ ಕ್ರೀಡಾಂಗಣದಲ್ಲಿಟ್ಟು, ಲಕ್ಷಾಂತರ ಜನರಿಗೆ ಸಾಲಿನಲ್ಲಿ ದರ್ಶನಕ್ಕೆ ಅವಕಾಶ ಮಾಡಿ, ಮದ್ಯ ಮಾರಾಟ ನಿಲ್ಲಿಸಿ, ವಿದೇಶದಿಂದ ಮಗಳು ಬರುವವರೆಗೆ ಕಾದು, ಅಕ್ಟೋಬರ್ 31ರ ಮುಂಜಾನೆಯೇ ಕಂಠೀರವ ಸ್ಟುಡಿಯೊದಲ್ಲಿ ಸಮಾಧಿ ಕಾರ್ಯ ಮುಗಿಸಲಾಯಿತು. ಅಷ್ಟು ದೊಡ್ಡ ಜನಸಾಗರ ಬಹುಮಟ್ಟಿಗೆ ಶಾಂತವಾಗಿ ಬಂದು ಶಾಂತವಾಗಿ ಮರಳಿದ್ದು ಕರ್ನಾಟಕದ ಹೆಮ್ಮೆ. ಆದರೆ ಸಿಟ್ಟು ಬೇರೆ ದಾರಿ ಹಿಡಿಯಿತು. ನಟನನ್ನು ಮೊದಲು ಪರೀಕ್ಷಿಸಿದ ವೈದ್ಯರೇ ಸಾವಿಗೆ ಕಾರಣರೆಂದು ದೂರುಗಳು ಹುಟ್ಟಿಕೊಂಡವು, ಅವರ ಮನೆಗೂ ಚಿಕಿತ್ಸಾಲಯಕ್ಕೂ ಪೊಲೀಸ್ ಕಾವಲು ಹಾಕಬೇಕಾಯಿತು. ವೈದ್ಯರು ಪ್ರಶ್ನಾತೀತರಲ್ಲ. 2009ರ ಜೂನ್ 25ರಂದು ಮೈಕೆಲ್ ಜಾಕ್ಸನ್ ಸತ್ತಾಗ ಅವರ ಖಾಸಗಿ ವೈದ್ಯನ ಮೇಲೆ ವಿಚಾರಣೆ ನಡೆದು 2011ರಲ್ಲಿ ಶಿಕ್ಷೆಯೂ ಆಯಿತು. ಆದರೆ ಅಲ್ಲಿ ತಪ್ಪನ್ನು ಅಳೆದದ್ದು ಶವಪರೀಕ್ಷೆ, ಸಾಕ್ಷ್ಯ ಮತ್ತು ನ್ಯಾಯಾಲಯ. ಸಾಕ್ಷ್ಯವಿಲ್ಲದೆ ಬಾಗಿಲ ಮುಂದೆ ನೆರೆದ ಗುಂಪು ಕೇಳುವುದು ಉತ್ತರವನ್ನಲ್ಲ, ಸಿಟ್ಟಿಗೊಂದು ಆಹುತಿಯನ್ನು.

ಆ ಸಿಟ್ಟಿಗೆ ನ್ಯಾಯವಾದ ಗುರಿಯೊಂದು ಇತ್ತು: ಹೊತ್ತಿಗೆ ಸಿಗದ ಚಿಕಿತ್ಸೆ. ಪುನೀತ್ ಅವರನ್ನು ಕೊಂಡೊಯ್ದ ಹೃದಯಾಘಾತವೆಂದರೆ ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿ ಹರಿವು ನಿಲ್ಲುವುದು. ಮೊದಲ ಗಂಟೆಯೊಳಗೆ ಹೆಪ್ಪು ಕರಗಿದರೆ ಸ್ನಾಯು ಉಳಿಯುವ ಸಂಭವ ಹೆಚ್ಚು, ತಡವಾದಷ್ಟೂ ಸಾಯುವ ಭಾಗ ಹೆಚ್ಚು. ರಾಜಧಾನಿಯ ನಡುವೆ, ಆಸ್ಪತ್ರೆಗಳ ಕೂಗಳತೆಯಲ್ಲಿದ್ದ ತಾರೆಯನ್ನೇ ಉಳಿಸಿಕೊಳ್ಳಲಾಗದ ಆ ಗಂಟೆ ಹೆಗ್ಗರಣೆಯ ತೋಟದ ಕೊನೆಯ ಮನೆಯಲ್ಲಿರುವ ಕೃಷಿಕನ ಪಾಲಿಗೆ ಏನಾಗುತ್ತದೆ? ಅಂಗಳದಿಂದ ರಸ್ತೆಗೆ, ರಸ್ತೆಯಿಂದ ಸಿದ್ದಾಪುರ ಇಲ್ಲವೆ ಶಿರಸಿಗೆ, ಅಲ್ಲಿಂದ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಎಂದು ಘಟ್ಟದ ತಿರುವುಗಳಲ್ಲೇ ಅದು ಕರಗಿಹೋಗುತ್ತದೆ. ಉತ್ತರ ಕನ್ನಡಕ್ಕೊಂದು ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ವರ್ಷಗಳಿಂದ ಕೇಳುತ್ತಿದ್ದಾರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತಾಗ ಆ ಕೂಗು ಇಡೀ ಜಿಲ್ಲೆಯದಾಯಿತು. 2023ರಲ್ಲಿ ರಾಜ್ಯ ಸರ್ಕಾರ ಪುನೀತ್ ಅವರ ಹೆಸರಿನಲ್ಲಿಯೇ ‘ಹೃದಯ ಜ್ಯೋತಿ’ ಯೋಜನೆ ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಯ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರಿಗೆ ಕಳಿಸಿ, ಅವರ ಸಲಹೆಯಂತೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಕ್ರಮ. ಪುನೀತ್ ಅವರ ಕಟೌಟಿಗೆ ಹಾಲೆರೆಯುವ ಸಂಘಗಳು ತಮ್ಮ ತಮ್ಮ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಆ ಚುಚ್ಚುಮದ್ದು ದಾಸ್ತಾನಿದೆಯೇ, ರಾತ್ರಿ ಪಾಳಿಯಲ್ಲಿ ಇಸಿಜಿ ತೆಗೆಯುವವರಿದ್ದಾರೆಯೇ ಎಂದು ವಿಚಾರಿಸಿಕೊಂಡು ಬಂದರೆ ಅದಕ್ಕಿಂತ ದೊಡ್ಡ ಅಭಿಷೇಕ ಬೇರೊಂದಿಲ್ಲ.

ಪುನೀತ್ ಸಾವಿಗೆ ಜನ ಸ್ಪಂದಿಸಿದ ರೀತಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು ನೇತ್ರದಾನ. ಕಣ್ಣಿನ ಕಪ್ಪುಗುಡ್ಡೆಯ ಮುಂದಿರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಾರದರ್ಶಕ ಪಟಲಕ್ಕೆ ಕಾರ್ನಿಯ ಎಂದು ಹೆಸರು. ಅವರ ಎರಡು ಕಣ್ಣುಗಳ ಕಾರ್ನಿಯಗಳನ್ನು ನಾರಾಯಣ ನೇತ್ರಾಲಯದ ವೈದ್ಯರು ಮೇಲ್ಪದರ ಮತ್ತು ಒಳಪದರಗಳಾಗಿ ಸೀಳಿ, ಮುಂಭಾಗ ಕೆಟ್ಟವರಿಗೆ ಮೇಲ್ಪದರವನ್ನೂ ಹಿಂಭಾಗ ಕೆಟ್ಟವರಿಗೆ ಒಳಪದರವನ್ನೂ ಕೂರಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಆಮೇಲೆ ಕಣ್ಣು ಕೊಡುತ್ತೇವೆಂದು ಹೆಸರು ಬರೆಸುವವರ ಸಂಖ್ಯೆ ರಾಜ್ಯದಲ್ಲಿ ಒಮ್ಮೆಲೇ ಏರಿತು. ಆದರೆ ಹೆಸರು ಬರೆಸುವುದೇ ಬೇರೆ, ಕಣ್ಣು ಕೊಡುವುದೇ ಬೇರೆ. ಸತ್ತವನ ಕಣ್ಣು ಆರು ಗಂಟೆಯೊಳಗೆ ನೇತ್ರಬ್ಯಾಂಕಿನವರ ಕೈ ಸೇರಬೇಕು. ಅಳುವಿನ ನಡುವೆಯೇ ಎದ್ದು ಅವರಿಗೆ ಫೋನು ಮಾಡುವವರು ಮನೆಯಲ್ಲೊಬ್ಬರು ಇರಬೇಕು. ಬರುವ ತನಕ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ಫ್ಯಾನ್ ನಿಲ್ಲಿಸಿ, ತಲೆಯಡಿಗೆ ದಿಂಬಿಟ್ಟು ಸ್ವಲ್ಪ ಎತ್ತರಿಸಬೇಕು. ಕನ್ನಡಕ ಹಾಕುತ್ತಿದ್ದವರೂ ಕಣ್ಣಿನ ಪೊರೆಯ (ಕ್ಯಾಟರಾಕ್ಟ್) ಶಸ್ತ್ರಚಿಕಿತ್ಸೆ ಆದವರೂ ಕಣ್ಣು ಕೊಡಬಹುದು. ಅಭಿಮಾನಿಯೊಬ್ಬ ತನ್ನ ಮನೆಯವರಿಗೆ ಈ ನಾಲ್ಕು ಮಾತು ಹೇಳಿಟ್ಟಿರದಿದ್ದರೆ ಅವನ ಪ್ರತಿಜ್ಞಾಪತ್ರ ಬರಿಯ ಕಾಗದ.

ಇದೇ ಹೊತ್ತಿನಲ್ಲಿ ತಾರೆಯೊಂದಿಗೆ ತಾವೂ ಹೋಗಿಬಿಡಬೇಕೆಂದು ಜೀವ ಕಳೆದುಕೊಂಡವರೂ ಇದ್ದರೆಂಬುದು ಪುನೀತ್ ಸಾವಿನ ಅತ್ಯಂತ ಕಹಿ ಅಧ್ಯಾಯ. ಅಂಥ ಹೆಜ್ಜೆಯಿಡಬೇಡಿರೆಂದು ಸೂತಕದಲ್ಲಿದ್ದ ಅಣ್ಣಂದಿರೇ ಮುಂದೆ ಬಂದು ಬೇಡಿಕೊಳ್ಳಬೇಕಾಯಿತು. ಸಾಂತ್ವನ ಪಡೆಯಬೇಕಾದವರೇ ಊರಿಗೆಲ್ಲ ಸಾಂತ್ವನ ಹೇಳಬೇಕಾದ ಸ್ಥಿತಿ ಅದು. ಅಂಥ ಸಾವುಗಳನ್ನು ‘ಅಭಿಮಾನದ ಪರಾಕಾಷ್ಠೆ’ಯೆಂದು ಬಣ್ಣಿಸುವ ಸುದ್ದಿವಾಚಕರು ಹೊಣೆಯಿಂದ ತಪ್ಪಿಸಿಕೊಳ್ಳಲಾರರು. ಯಾವ ಸಾವಿಗೆ ಎಷ್ಟು ಕಣ್ಣೀರು ಎಂದು ತೂಗುವ ತಕ್ಕಡಿಯೂ ಅವರ ಕೈಯಲ್ಲೇ ಇದೆ. 2018ರ ನವೆಂಬರ್ 24ರ ಮಧ್ಯಾಹ್ನ ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಬಿದ್ದು ಶಾಲೆಯಿಂದ ಮರಳುತ್ತಿದ್ದ ಮಕ್ಕಳೂ ಸೇರಿ ಮೂವತ್ತು ಜನ ಸತ್ತರು; ಅದೇ ರಾತ್ರಿ ಮಂಡ್ಯದವರೇ ಆದ ಅಂಬರೀಶ್ ತೀರಿಕೊಂಡ ಮೇಲೆ ಆ ಮೂವತ್ತು ಜನರ ಮನೆಗಳ ಗೋಳು ತೆರೆಯ ಅಂಚಿಗೆ ಸರಿಯಿತು. 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ ತೀರಿಕೊಂಡ ಗಾಯಕ ಸಿ. ಅಶ್ವಥ್ ಅವರಿಗೆ ಸಂದದ್ದು ಒಂದೇ ದಿನದ ಶೋಕ. ಮರುದಿನ ವಿಷ್ಣುವರ್ಧನ್ ಹೋದರು. ಇದರಲ್ಲಿ ತೀರಿಕೊಂಡ ಕಲಾವಿದರ ದೋಷವೇನೂ ಇಲ್ಲ. ಆದರೆ ಒಂದು ಸಾವಿನ ನೆರಳಿನಲ್ಲಿ ಇನ್ನೊಂದು ಸಾವನ್ನು ಕಾಣದೆ ಹೋಗುವ ಸಮಾಜ, ತನ್ನ ದುಃಖವನ್ನು ಬೇರೆಯವರ ತೀರ್ಮಾನಕ್ಕೆ ಒಪ್ಪಿಸಿದೆ ಎಂದೇ ಅರ್ಥ.

ಮಲೆನಾಡಿನ ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ‘ಸೂತಕ’ ಎಂಬ ಪದ ಈ ವಿವಾದಕ್ಕೆ ದಾರಿ ತೋರಿಸಬಲ್ಲದು. ಸಾವು ಸಂಭವಿಸಿದ ಮನೆಯವರು ಇಷ್ಟು ದಿನವೆಂದು ಹಬ್ಬ, ಪೂಜೆ, ಮಂಗಲ ಕಾರ್ಯಗಳಿಂದ ದೂರ ಉಳಿಯುವುದು ಸೂತಕ. ಅದರ ಮೈಲಿಗೆಯ ಕಲ್ಪನೆಯನ್ನು ಇಂದು ಒಪ್ಪಬೇಕಿಲ್ಲ. ಆದರೆ ಅದರ ಒಳಗಿರುವ ನ್ಯಾಯವನ್ನು ಮರೆಯಬಾರದು. ಸೂತಕ ಕಟ್ಟಿಹಾಕುವುದು ದುಃಖ ತನ್ನದೆಂದು ಹೇಳಿಕೊಳ್ಳುವವನನ್ನೇ. ಅವನು ತನ್ನ ಊಟ, ಉಡುಗೆ, ಸಂಭ್ರಮಗಳನ್ನು ಬಿಡುತ್ತಾನೆಯೇ ಹೊರತು ನೆರೆಯವನ ಅಂಗಡಿ ಮುಚ್ಚಿಸುವುದಿಲ್ಲ, ದಾರಿಹೋಕನ ಮೇಲೆ ಕಲ್ಲೆಸೆಯುವುದಿಲ್ಲ. ನೆರೆಯವರು ಬಂದು ಕಟ್ಟಿಗೆ ಹೊಂದಿಸುತ್ತಾರೆ, ಕೊಟ್ಟಿಗೆಯ ಹಸುವಿನ ಹಾಲು ಕರೆದುಕೊಡುತ್ತಾರೆ. ತಾರೆಯನ್ನು ‘ನಮ್ಮಣ್ಣ’, ‘ನಮ್ಮಪ್ಪು’ ಎಂದು ಕರೆದು ನೆಂಟಸ್ತಿಕೆ ಹೇಳಿಕೊಳ್ಳುವ ಅಭಿಮಾನಿಗೆ ಆ ಹಕ್ಕು ಇದೆ; ಆದರೆ ನೆಂಟಸ್ತಿಕೆಯೊಂದಿಗೆ ಸೂತಕದ ಕಟ್ಟುಪಾಡೂ ಬರುತ್ತದೆ. ದುಃಖದ ಬೆಲೆಯನ್ನು ತಾನೇ ತೆರಬೇಕು, ಇನ್ನೊಬ್ಬರಿಂದ ವಸೂಲು ಮಾಡಬಾರದು. ಸಾವಿನ ಮನೆಯಲ್ಲಿ ಹಿಂದಿನಿಂದಲೂ ನಡೆದುಬಂದ ಮೊದಲ ಕೆಲಸ ಸತ್ತವರ ರೆಪ್ಪೆ ಮುಚ್ಚುವುದು. ನೇತ್ರದಾನದ ಮೊದಲ ಕೆಲಸವೂ ಅದೇ. ಹಿರಿಯರು ಮಾಡುತ್ತಿದ್ದ ಆ ಕೆಲಸದ ಜೊತೆಗೆ ಅಭಿಮಾನಿ ಸೇರಿಸಬೇಕಾದದ್ದು ಒಂದು ಫೋನು ಕರೆ ಮಾತ್ರ.