ಅತ್ತೆಯ ಮಂಡಿ, ಮರಾಕೆಶ್‌ನ ಮನೆ

ಮೊರೊಕ್ಕೊದ ಮರಾಕೆಶ್ ನೋಡಿ ಬರುವ ಮಾತು ನಿಮ್ಮ ಮನೆಯಲ್ಲೂ ಎದ್ದಿದೆಯೇ? ವಸತಿ ಗೊತ್ತು ಮಾಡುವ ಮುಂಚೆ ಅತ್ತೆಯ ಮಂಡಿನೋವನ್ನು ಒಮ್ಮೆ ನೆನಪಿಸಿಕೊಳ್ಳಿ.

ಫೋಟೋದಲ್ಲಿ ಮನಸ್ಸು ಕದಿಯುವುದು ಕೋಟೆಯೊಳಗಿನ ಹಳೆಯ ಪಟ್ಟಣದ 'ರಿಯಾದ್'ಗಳು. (ಸೌದಿಯ ಊರಲ್ಲ, ಮನೆಯ ಹೆಸರು!) ನಡುವೆ ಅಂಗಳ, ಸುತ್ತ ಕೋಣೆ, ಕಿಟಕಿಗಳೆಲ್ಲ ಒಳಮುಖ. ನಮ್ಮ ತೊಟ್ಟಿ ಮನೆಯೇ ಸರಿ. ಹೆಂಗಸರಿಗೆ ನಿರಾಳ. ಆದರೆ ಅಲ್ಲಿನ ಎಷ್ಟೋ ಓಣಿಗಳಿಗೆ ಕಾರು ಬರುವುದಿಲ್ಲ. ಪೆಟ್ಟಿಗೆಯನ್ನು ತಳ್ಳುಗಾಡಿಯವನು ತಂದಾನು, ಅತ್ತೆಯನ್ನು? ಮೇಲೆ ಕಡಿದಾದ ಮೆಟ್ಟಿಲು ಬೇರೆ, ಲಿಫ್ಟ್ ಅಪರೂಪ.

ಫ್ರೆಂಚರ ಕಾಲದ ಗೆಲಿಜ್ ಬಡಾವಣೆಯಲ್ಲಿ ಅಗಲ ರಸ್ತೆ, ಬಾಗಿಲಿಗೇ ಟ್ಯಾಕ್ಸಿ. ಆದರೆ ರಾಣೆಬೆನ್ನೂರಿನ ಪಿ.ಬಿ. ರಸ್ತೆಯ ಲಾಡ್ಜ್ ನೆನಪಾದರೆ ನನ್ನನ್ನು ಬೈಯಬೇಡಿ.

ನನ್ನ ಒಲವು ಹಳೆಯ ಪಟ್ಟಣದ ಅಂಚಿಗೆ, 12ನೇ ಶತಮಾನದ ಕುತುಬಿಯಾ ಮಸೀದಿಯ ಆಸುಪಾಸಿಗೆ. ಕಾರೂ ಬರುತ್ತದೆ, ಅಝಾನ್ ಕೇಳಿ ನಮಾಝ್‌ಗೆ ನಡೆದೇ ಹೋಗಬಹುದು. ಮುಂಗಡ ಕೊಡುವ ಮುನ್ನ ಕೇಳಿ: ನೆಲಮಹಡಿಯಲ್ಲಿ ಕೋಣೆ ಇದೆಯೇ? ಕಾರು ನಿಲ್ಲುವಲ್ಲಿಂದ ಬಾಗಿಲಿಗೆ ಎಷ್ಟು ನಿಮಿಷದ ನಡಿಗೆ? 2023ರ ಸೆಪ್ಟೆಂಬರ್ ಭೂಕಂಪದಲ್ಲಿ ಅಲ್ಲಿನ ಹಲವು ಹಳೆಯ ಮನೆಗಳಿಗೆ ಪೆಟ್ಟಾಗಿತ್ತು. ದುರಸ್ತಿಯ ವಿಷಯವನ್ನೂ ವಿಚಾರಿಸಿ. ಅಡುಗೆಮನೆ ಬಳಸಲು ಬಿಡುತ್ತಾರೆಯೇ ಎಂಬುದನ್ನೂ. ಅಲ್ಲಿಯ ಊಟದಲ್ಲಿ ಖಾರ ಕಡಿಮೆ, ಬ್ಯಾಡಗಿ ಮೆಣಸಿನಕಾಯಿಯ ಚಟ್ನಿಪುಡಿ ಪೆಟ್ಟಿಗೆಯಲ್ಲಿರಲಿ.