ಆಶ್ರಯದ ಬೆಲೆ

ಹೆಮ್ಮರವು ಉರುಳಿದ ಮೇಲೆ ಅದರ ನೆರಳಿನಲ್ಲಿದ್ದ ಗಿಡಗಳಿಗೆ ಬಿಸಿಲು ದೊರೆಯುವುದು ನಿಜ. ಗಾಳಿಯ ಹೊಡೆತವೂ ಅಂದಿನಿಂದಲೇ ಆರಂಭವಾಗುವುದು. ಚಿಕ್ಕ ರಾಜ್ಯಗಳ ಸ್ಥಿತಿಯೂ ಇಂತಹುದೇ. ೧೯೯೧ರಲ್ಲಿ ಸೋವಿಯತ್ ಒಕ್ಕೂಟವು ಮುರಿದ ಬಳಿಕ ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯಗಳು ೨೦೦೪ರಲ್ಲಿ ಪಶ್ಚಿಮದ ನ್ಯಾಟೋ ಕೂಟವನ್ನು ಸೇರಿದುವು. ಬೆಲಾರೂಸವು ರಷ್ಯದ ಮಗ್ಗುಲನ್ನು ಬಿಡಲಿಲ್ಲ. ಕಜಕಸ್ತಾನವು ರಷ್ಯ, ಚೀನ, ಪಶ್ಚಿಮ ದೇಶಗಳೆಲ್ಲದರೊಡನೆಯೂ ವ್ಯವಹಾರವಿರಿಸಿಕೊಂಡಿತು. ಇದು ದೂರದ ಸುದ್ದಿಯೆಂದು ವಾಚಕ ಮಹಾಶಯರು ಭಾವಿಸಬೇಕಾಗಿಲ್ಲ. ನಮ್ಮ ತುಳುನಾಡು ಈ ಪಾಠವನ್ನು ನಾಲ್ಕು ಶತಮಾನಗಳ ಹಿಂದೆಯೇ ಕಲಿತಿರುವುದು.

೧೫೬೫ರ ರಕ್ಕಸತಂಗಡಿಯ ಯುದ್ಧದಿಂದ ವಿಜಯನಗರದ ಪ್ರಭುತ್ವವು ಕುಗ್ಗಿತಷ್ಟೆ. ಚೌಟರು, ಬಂಗರು, ಅಜಿಲರು, ಭೈರರಸರು ತಮ್ಮ ತಮ್ಮ ಸೀಮೆಗಳಲ್ಲಿ ಹೆಚ್ಚುಕಡಿಮೆ ಸ್ವತಂತ್ರರಾದರು. ನಮ್ಮ ಬೆಳುವಾಯಿಯು ಚೌಟರ ಮೂಡುಬಿದಿರೆಗೂ ಭೈರರಸರ ಕಾರ್ಕಳಕ್ಕೂ ನಡುವಣ ದಾರಿಯಲ್ಲಿದೆ. ಬೆಳಗ್ಗೆ ಹೊರಟವನು ಮಧ್ಯಾಹ್ನದೊಳಗೆ ಒಂದು ರಾಜಧಾನಿಯಿಂದ ಮತ್ತೊಂದನ್ನು ಸೇರಬಹುದು. ಇಷ್ಟು ಕಿರಿದಾದ ರಾಜ್ಯಗಳ ಎರಡು ಕಡೆಗಳಲ್ಲಿಯೂ ಬಲಿಷ್ಠರಿದ್ದರು: ಕಡಲ ಕಡೆಯಲ್ಲಿ, ೧೫೬೮ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದ ಪೋರ್ತುಗೀಸರು, ಘಟ್ಟದ ಮೇಲೆ ಕೆಳದಿಯ ನಾಯಕರು.

ಉಳ್ಳಾಲದ ಚೌಟರಾಣಿ ಅಬ್ಬಕ್ಕನಿಗೂ ಆಕೆಯ ಪತಿಯಾದ ಬಂಗರಸನಿಗೂ ವಿರಸವು ಹುಟ್ಟಿತು. ಬಂಗರಸನು ಪೋರ್ತುಗೀಸರನ್ನು ನೆಚ್ಚಿದನು. ರಾಣಿಯು ಕೆಳದಿಯ ವೆಂಕಟಪ್ಪನಾಯಕನ ನೆರವನ್ನು ಬೇಡಿದಳು. ನಾಯಕನು ಗೆದ್ದನು, ಬಂಗರಸನು ಸೀಮೆಯನ್ನು ಕಳೆದುಕೊಂಡನು. ೧೬೨೩ರಲ್ಲಿ ಇಕ್ಕೇರಿಗೆ ಹೋದ ಪೋರ್ತುಗೀಸ್ ರಾಯಭಾರಿಯೊಡನೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಈ ವೃತ್ತಾಂತವನ್ನು ಬರೆದಿಟ್ಟಿರುವನು. ಅವನು ಕಂಡಾಗ ಆ ರಾಣಿಯು ಬರಿಗಾಲಿನಲ್ಲಿ ನಿಂತು ಕಾಲುವೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದಳಂತೆ. ಅಂತಹ ದಕ್ಷಳಾದವಳ ಮನೆತನಕ್ಕೂ ಗೆಲವು ಪೂರ್ತಿಯಾಗಿ ದಕ್ಕಲಿಲ್ಲ. ಕೆಳದಿಯ ಒಡೆತನವು ತುಳುನಾಡನ್ನೆಲ್ಲ ವ್ಯಾಪಿಸಿತು. ನೆರವು ಬೇಡಿದವರೂ ಬೇಡದವರೂ ಕಪ್ಪವನ್ನೊಪ್ಪಿಸುವವರಾದರು. ೧೭೬೩ರಲ್ಲಿ ಹೈದರನು ಬಿದನೂರನ್ನು ಹಿಡಿದಾಗ ಒಡೆಯರು ಬದಲಾದರು. ೧೭೯೯ರಲ್ಲಿ ಕಂಪೆನಿಯವರು ಬಂದರು. ಕೊನೆಗೆ ಚೌಟರ ಅರಸೊತ್ತಿಗೆಯು ಮೂಡುಬಿದಿರೆಯ ಅರಮನೆಯ ಕೆತ್ತನೆಯ ಕಂಬಗಳಲ್ಲಿಯೂ ಸರಕಾರದ ವರ್ಷಾಶನದಲ್ಲಿಯೂ ಮಾತ್ರವೇ ಉಳಿಯಿತು.

ಕೌಟಿಲ್ಯನು ರಾಜನೀತಿಯ ಆರು ಗುಣಗಳಲ್ಲಿ ಸಂಶ್ರಯವನ್ನೂ, ಎಂದರೆ ಬಲಿಷ್ಠನನ್ನು ಆಶ್ರಯಿಸುವುದನ್ನೂ, ಎಣಿಸಿರುವನು. ಆದರೆ ತನಗಿಂತ ಪ್ರಬಲನೊಡನೆ ಕೂಡುವುದು ಅರಸರಿಗೆ ಮಹಾದೋಷಕರವೆಂದೂ ಎಚ್ಚರಿಸಿರುವನು. ಸೂರಿಗೆ ಬೆಂಕಿ ಹತ್ತಿದವನು ನೀರು ತಂದವನ ಕುಲವನ್ನು ವಿಚಾರಿಸಲಾರನು. ಆದುದರಿಂದ ಆಶ್ರಯ ಬೇಡಿದ ಸಣ್ಣ ರಾಜ್ಯಗಳನ್ನು ನಾವು ಹಳಿಯುವುದಿಲ್ಲ. ನಾವು ಹೇಳತಕ್ಕದ್ದಿಷ್ಟೆ: ಸಮಾನಬಲದ ನೆರೆಯವನೊಡನೆ ರಾಜಿಯಾಗಲು ಬಿಡಬೇಕಾದುದು ಅಲ್ಪ, ಅವನನ್ನು ಸೋಲಿಸಲು ಕರೆತಂದ ಬಲಿಷ್ಠನಿಗೆ ತೆರಬೇಕಾದುದು ಅನಲ್ಪ. ಗದ್ದೆಯ ಹುಣಿಯೊಂದರ ವ್ಯಾಜ್ಯಕ್ಕಾಗಿ ಊರ ಧನಿಕನ ಬಾಗಿಲಿಗೆ ಹೋಗುವ ಅಣ್ಣತಮ್ಮಂದಿರೂ ಇದನ್ನು ಮನಗಾಣಬೇಕು. ವ್ಯಾಜ್ಯವು ತೀರುವುದು, ಧನಿಕನ ಋಣವು ತೀರದು.