ಎಂಬತ್ತೈದರ ಮಗ್ಗಿ



ಅಮೆರಿಕಕ್ಕೆ ಪೆಟ್ಟಿಗೆ ಕಟ್ಟುವವರು ನಮ್ಮ ಸಂಘದಲ್ಲಿ ವರ್ಷಕ್ಕೆ ಒಬ್ಬರಾದರೂ ಇರುತ್ತೀರಿ. ಈ ಸಲದ ಮಾತು ನಿಮಗಾಗಿ, ನಿಮ್ಮ ಅಮ್ಮಂದಿರಿಗಾಗಿ ಕೂಡ. ನಾನು ಓದಿದ್ದು ಇಂಗ್ಲಿಷ್ ಬಿ.ಎ.; ಲೆಕ್ಕ ಕಲಿತದ್ದು ಲೇಕ್ ಮಾರ್ಕೆಟ್ಟಿನಲ್ಲಿ ತರಕಾರಿಗೆ ಚೌಕಾಸಿ ಮಾಡುತ್ತಾ. ಆದರೂ ಒಂದು ಲೆಕ್ಕದಲ್ಲಿ ಎಡವಿಬಿಟ್ಟೆ.

ನನ್ನ ಮಗನಿಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ. 2025ರಲ್ಲಿ ಅವನ ಸಂಬಳ ತಿಂಗಳಿಗೆ 9,000 ಡಾಲರ್. ಆಗ ಡಾಲರಿಗೆ ಸುಮಾರು 85 ರೂಪಾಯಿ. ಗುಣಿಸಿದೆ, ಏಳೂವರೆ ಲಕ್ಷ ದಾಟಿತು! ಆ ಸಂಭ್ರಮದಲ್ಲಿ ನನ್ನ ನಾದಿನಿಯ ಮಗಳ ಮದುವೆಗೆ ಮೂರು ಲಕ್ಷ ಕೊಡಿಸುತ್ತೇನೆಂದು ಅವನನ್ನು ಕೇಳದೆಯೇ ಮಾತು ಕೊಟ್ಟೆ. ಅರ್ಧ ತಿಂಗಳ ಸಂಬಳವೂ ಅಲ್ಲವಲ್ಲ ಅಂದುಕೊಂಡೆ. ಅವನು ಎರಡು ಮಾತಾಡದೆ ಕಳಿಸಿದ.

ಆಮೇಲೆ ಅವನ ಮನೆಗೆ ಹೋದಾಗ ಮೇಜಿನ ಮೇಲೆ ಕ್ರೆಡಿಟ್ ಕಾರ್ಡಿನ ಕಾಗದ ಕಂಡಿತು. ಬಡ್ಡಿ ನೂರಕ್ಕೆ ಇಪ್ಪತ್ತಕ್ಕೂ ಮೇಲೆ. ಮದುವೆಯ ಹಣ ಬಂದದ್ದು ಆ ಸಾಲದಿಂದ. "ನೀನು ಅತ್ತೆಗೆ ಮಾತು ಕೊಟ್ಟಾಗಿತ್ತಲ್ಲಮ್ಮಾ, ಇಲ್ಲ ಅನ್ನೋದು ಹೇಗೆ?" ಅಂದ. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಆ ರಾತ್ರಿ ಇಬ್ಬರೂ ಕೂತು ಲೆಕ್ಕ ಬರೆದೆವು. ಕೇಂದ್ರದ ಆದಾಯ ತೆರಿಗೆ, ರಾಜ್ಯದ ಆದಾಯ ತೆರಿಗೆ, ಸೋಶಿಯಲ್ ಸೆಕ್ಯುರಿಟಿಗೆ ನೂರಕ್ಕೆ 6.2, ಮೆಡಿಕೇರ್‌ಗೆ 1.45, ಆರೋಗ್ಯ ವಿಮೆ. ಇವೆಲ್ಲ ಸೇರಿ ಅವನ ಸಂಬಳದಲ್ಲಿ 2,700 ಡಾಲರ್ ಮೊದಲೇ ಹೋಗುತ್ತಿತ್ತು. ಒಂದು ಮಲಗುವ ಕೋಣೆಯ ಮನೆಗೆ ಬಾಡಿಗೆ 2,800. ಓದಿನ ಸಾಲದ ಕಂತು 1,200. ಕಾರಿಗೆ 800, ಊಟ, ಫೋನು, ಕರೆಂಟು ಇತ್ಯಾದಿಗೆ 900. ಉಳಿದದ್ದು 600 ಡಾಲರ್. ನಾನು ಧಾರಾಳವಾಗಿ ದಾನ ಮಾಡಿದ ಮೂರು ಲಕ್ಷ ಅವನ ಆರು ತಿಂಗಳ ಉಳಿತಾಯ!

ಕಾರು ಶೋಕಿಯೇ ಎಂದು ಕೇಳಬೇಡಿ. 1984ರಿಂದ ಮೆಟ್ರೋ ಓಡುತ್ತಿರುವ ಊರಿನವರು ನಾವು. ಐದು ರೂಪಾಯಿ ಟಿಕೆಟ್ಟಿಗೂ ಒಂದಿಷ್ಟು ದೂರ ಹೋಗಬಹುದು. ಅವನಿದ್ದ ಕಡೆ ಕಾರಿಲ್ಲದೆ ಕೆಲಸಕ್ಕೂ ಹೋಗುವಂತಿಲ್ಲ, ಹಾಲಿಗೂ ಹೋಗುವಂತಿಲ್ಲ. ಅಂಗಡಿಯಲ್ಲೂ ನಮ್ಮ ಎಂ.ಆರ್.ಪಿ.ಯಂತೆ ತೆರಿಗೆ ಸೇರಿದ ಬೆಲೆ ಬರೆದಿರುವುದಿಲ್ಲ. ಅಕ್ಕಿ, ಬೇಳೆ, ತರಕಾರಿ ಬಿಟ್ಟು ಹೆಚ್ಚಿನ ಸಾಮಾನಿಗೆ ಬಿಲ್ಲಿನಲ್ಲಿ ನೂರಕ್ಕೆ 7.25 ಆದರೂ ಕೂಡುತ್ತದೆ. ಎಷ್ಟೋ ಊರುಗಳಲ್ಲಿ ಇನ್ನೂ ಹೆಚ್ಚು.

ರಾಜ್ಯದಿಂದ ರಾಜ್ಯಕ್ಕೂ ಲೆಕ್ಕ ಬೇರೆ. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಆದರೆ ಸ್ವಂತ ಮನೆಯ ಮೇಲಿನ ತೆರಿಗೆ ಜೋರು. ಆದ್ದರಿಂದ ಕೆಲಸದ ಪತ್ರ ಕೈಗೆ ಬಂದಾಗ ಸಂಬಳ ಎಷ್ಟೆಂದು ಮಾತ್ರ ನೋಡಬೇಡಿ. ಆ ಊರಿನ ಬಾಡಿಗೆ ಎಷ್ಟು, ತೆರಿಗೆ ಎಷ್ಟು, ಕಾರು ಬೇಕೇ ಎಂದು ವಿಚಾರಿಸಿ. ಡಾಲರಿನಲ್ಲಿ ದುಡಿಯುವವರು ಖರ್ಚು ಮಾಡುವುದೂ ಡಾಲರಿನಲ್ಲೇ. ಎಂಬತ್ತೈದರ ಮಗ್ಗಿಯನ್ನು ಕೊನೆಯಲ್ಲಿ ಉಳಿದ ಹಣಕ್ಕೆ ಹೇಳಬೇಕೇ ಹೊರತು ಸಂಬಳಕ್ಕಲ್ಲ.

ಹೋಗಬೇಡಿ ಎನ್ನುತ್ತಿಲ್ಲ, ಖಂಡಿತ ಹೋಗಿ. ನನ್ನ ಮಗ ಆ ಸಾಲ ತೀರಿಸಿದ, ಈಗ ನೆಮ್ಮದಿಯಾಗಿದ್ದಾನೆ. ಆದರೆ ಒಂದು ಮಾತು ನಡೆಸಿಕೊಡಿ. ಮನೆಗೆ ಫೋನು ಮಾಡಿ ಸಂಬಳ ಹೇಳುವ ದಿನವೇ ಬಾಡಿಗೆಯನ್ನೂ ಹೇಳಿ. ಅಮ್ಮ ನೊಂದುಕೊಳ್ಳುತ್ತಾಳೆಂದು ಮುಚ್ಚಿಡಬೇಡಿ. ಗೊತ್ತಿಲ್ಲದೆ ನಿಮ್ಮ ಮೇಲೆ ಹೊರೆ ಹೊರಿಸಿದೆವೆಂದು ತಿಳಿದಾಗ ಆಗುವ ನೋವು ಅದಕ್ಕಿಂತ ದೊಡ್ಡದು.